ಸುಮ್ನೆ ಜೊತೆಗೆ ಹೋದವಳು

ನಮ್ಮ ಹೋಳೂರು ಹೋಬಳಿಯ ಒಂದು ಕೆರೆಯಲ್ಲಿ ದಿನಾ ಬೆಳಗಿನ ಆರಕ್ಕೆ ಒಂದು ತೆಪ್ಪ ನೀರಿಗಿಳಿಯುತ್ತದೆ. ಅದರಲ್ಲಿ ಇಬ್ಬರು, ಗಂಡ ಹೆಂಡತಿ. ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಗಂಡ ಎತ್ತುತ್ತಾರೆ. ಸಿಕ್ಕಿದ ಜಿಲೇಬಿ, ಕಾಟ್ಲಾ, ರೋಹು ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ಹೆಂಡತಿಯ ಕೈಯಲ್ಲಿ ಹುಟ್ಟು. ತೆಪ್ಪ ದುಂಡಗಿನದು, ಅದಕ್ಕೆ ಮುಂದು ಹಿಂದು ಇಲ್ಲ. ಹುಟ್ಟು ಹಾಕುವವರು ಒಂದು ಗಳಿಗೆ ಕೈ ಬಿಟ್ಟರೂ ಅದು ಇದ್ದಲ್ಲೇ ಗಿರ್ರನೆ ತಿರುಗುತ್ತದೆ. ಬಲೆ ಎಳೆಯುವವರ ಭಾರ ಒಂದು ಕಡೆ ವಾಲಿದಾಗ ಅದನ್ನು ಸರಿದೂಗಿಸಿ, ಬಲೆಯ ಗೆರೆ ಬಿಡದ ಹಾಗೆ ತೆಪ್ಪವನ್ನು ಹಿಡಿದಿಡುವುದು ಹುಟ್ಟಿನವರ ಕೆಲಸ. ಗಾಳಿ ಎದ್ದ ದಿನ ಈ ಕೆಲಸ ಎರಡು ಮೂರು ತಾಸು ಬಿಡುವಿಲ್ಲದೆ ನಡೆಯುತ್ತದೆ.

ಕಳೆದ ವರ್ಷ ಊರಿಗೆ ಹೋಗಿದ್ದಾಗ ಮೀನುಗಾರರ ಅಪಘಾತ ವಿಮೆಯ ಅರ್ಜಿ ತುಂಬಿಕೊಡಲು ಇವರು ನನ್ನನ್ನು ಕರೆದರು. ಓದಿದ ಹುಡುಗ ಊರಿಗೆ ಬಂದರೆ ಸಿಗುವ ಕೆಲಸ ಅದೇ. ಅಣ್ಣನ ಅರ್ಜಿ ಮುಗಿಯಿತು. ಅಕ್ಕನ ವಿವರ ಬರೆಯುವಾಗ ಉದ್ಯೋಗ ಎಂಬ ಕಡೆ ಬಂದು ಪೆನ್ನು ನಿಲ್ಲಿಸಿದೆ. ಅಣ್ಣ ಅಂದರು: "ಮನೇಲಿರ್ತಾಳೆ ಅಂತ ಬರೀಪ್ಪ." ನಾನು ಅಕ್ಕನ ಮುಖ ನೋಡಿದೆ. ಅವರೂ ಅಂದರು: "ಹೂಂ ಕಣಪ್ಪ. ನಾನೇನ್ ಮಾಡ್ತೀನಿ, ಸುಮ್ನೆ ಜೊತೆಗೆ ಹೋಗ್ತೀನಿ ಅಷ್ಟೆ."

ನಾನು 'ಗೃಹಿಣಿ' ಎಂದು ಬರೆದೆ. ಆ ಕ್ಷಣಕ್ಕೆ ನನಗೂ ಅದು ತಪ್ಪು ಅನ್ನಿಸಲಿಲ್ಲ. ಈ ಬರಹ ಆ 'ಸುಮ್ನೆ' ಎಂಬ ಪದದ ವಿರುದ್ಧ. ಅದನ್ನು ನಂಬಿ ಬರೆದ ನನ್ನ ವಿರುದ್ಧವೂ ಹೌದು.

ನನ್ನ ವಾದ ಇಷ್ಟೆ. ಗಂಡ ಹೆಂಡತಿ ಇಬ್ಬರೇ ಒಂದು ಸಣ್ಣ ದೋಣಿಯಲ್ಲಿ ನೀರಿಗಿಳಿದಾಗ ಅಲ್ಲಿ ಪ್ರಯಾಣಿಕರು ಯಾರೂ ಇರುವುದಿಲ್ಲ. ಇಬ್ಬರೂ ನಾವಿಕರು. ಆದರೆ ಆ ದೋಣಿ ದಡ ಮುಟ್ಟಿ, ಕತೆಯಾಗಿ, ಸಿನಿಮಾ ಆಗಿ, ಪ್ರವಾಸಕಥನ ಆಗಿ, ಸರ್ಕಾರಿ ಕಾಗದ ಆಗಿ ನಮ್ಮ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಒಬ್ಬ ನಾವಿಕ, ಒಬ್ಬಳು ಹೆಂಡತಿ ಉಳಿದಿರುತ್ತಾರೆ. ಈ ಬದಲಾವಣೆ ನೀರಿನ ಮೇಲೆ ಆಗುವುದಲ್ಲ. ದಡದಲ್ಲಿ, ಬರೆಯುವವರ ಕೈಯಲ್ಲಿ ಆಗುವುದು. ಸಾಹಿತ್ಯ ಓದುವ ನಾವೆಲ್ಲ ಆ ದಡದವರೇ.

'ಕೋಲಾರದವನಿಗೆ ದೋಣಿ, ಕಡಲಿನ ಉಸಾಬರಿ ಯಾಕೆ' ಎಂದು ನನ್ನನ್ನು ಕೇಳಿದವರಿದ್ದಾರೆ. ಪ್ರಶ್ನೆ ಸರಿಯೇ. ವರ್ಷವಿಡೀ ಹರಿಯುವ ಒಂದು ನದಿಯೂ ನಮ್ಮ ಜಿಲ್ಲೆಯಲ್ಲಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನಡುವೆ ಬೆಳೆದ ತಲೆಮಾರು ನನ್ನದು. ಆದರೂ ನಮ್ಮ ಕೆರೆಗಳ ಹೆಸರು ನೋಡಿ: ಲಕ್ಷ್ಮೀಸಾಗರ, ರಾಮಸಾಗರ, ಸೋಮಾಂಬುಧಿ. ಸಾಗರ, ಅಂಬುಧಿ ಎರಡೂ ಕಡಲೇ. ಕಡಲನ್ನು ಕಾಣದ ಜನ ತಾವು ಕಟ್ಟಿಕೊಂಡ ನೀರಿಗೆ ಕಡಲಿನ ಹೆಸರನ್ನೇ ಇಟ್ಟರು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಬಂದು ಬಿದ್ದದ್ದು ಲಕ್ಷ್ಮೀಸಾಗರ ಕೆರೆಗೆ. ದಿನಕ್ಕೆ 44 ಕೋಟಿ ಲೀಟರ್ ಗುರಿಯಿಟ್ಟುಕೊಂಡ, ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕಳಿಸುವ ಆ ನೀರಿನ ಬಗ್ಗೆ ಬೇರೆ ಜಗಳವಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಕೆರೆ ತುಂಬಿತು, ಮೀನು ಬಂತು, ಮೀನಿನ ಹಿಂದೆ ತೆಪ್ಪವೂ ಬಂತು. ತೆಪ್ಪದ ಜೊತೆಗೆ, ಕಡಲಂಚಿನ ಊರುಗಳಲ್ಲಿ ಬಹಳ ಹಿಂದಿನಿಂದ ಇರುವ ಪ್ರಶ್ನೆಯೂ ನಮ್ಮೂರಿಗೆ ಬಂತು: ದೋಣಿಯಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ?

ಈಗ ಇದೇ ಪ್ರಶ್ನೆ ಹಿಡಿದು ದೂರದ ಕಡಲಿಗೆ ಹೋಗೋಣ. ಸಣ್ಣ ಹಾಯಿದೋಣಿಯಲ್ಲಿ ಜೋಡಿಯಾಗಿ ನಿರ್ಜನ ತೀರಗಳನ್ನು ಸುತ್ತುವುದು ಪಶ್ಚಿಮದ ಓದುಗರಿಗೆ ಬಹಳ ಪ್ರಿಯವಾದ ಕನಸು. ಆ ಕನಸಿಗೆ ಒಂದು ಗ್ರಂಥಭಂಡಾರವೇ ಇದೆ. ಅದರ ತಳಪಾಯ ಹಾಕಿದವರಲ್ಲಿ ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ದಂಪತಿ ಮುಖ್ಯರು. 1952ರಿಂದ 1955ರವರೆಗೆ ಮೂವತ್ತು ಅಡಿಯ 'ವಾಂಡರರ್ 3' ಎಂಬ ದೋಣಿಯಲ್ಲಿ ಇಬ್ಬರೇ ಭೂಮಿಯನ್ನು ಸುತ್ತಿ ಬಂದರು. ಮರುವರ್ಷ ಆ ಯಾನದ ಪುಸ್ತಕ ಬಂತು. ಲೇಖಕರು ಎರಿಕ್ ಹಿಸ್ಕಾಕ್. ಅವರು ಒಳ್ಳೆಯ ಬರಹಗಾರರು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ದೃಷ್ಟಿ ತೀರಾ ಮಂದವಾಗಿತ್ತು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರ ಕಣ್ಣು ಮಂದವಾದರೆ ದೂರದ ದಡ, ಬಂಡೆ, ದೀಪಸ್ತಂಭ ನೋಡುವ ಹೊಣೆ ಯಾರ ಮೇಲೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸೂಸನ್ ಕಣ್ಣಿಲ್ಲದೆ ಆ ಯಾನವಿಲ್ಲ. ಬೆನ್ನುಪುಟ್ಟಿಯಲ್ಲಿ ಇರುವುದು ಎರಿಕ್ ಹೆಸರು.

ಇಂಥ ಪುಸ್ತಕಗಳನ್ನು ಪ್ರೇಮಕಥನ ಎಂದು ಓದುವವರು ಒಂದು ಸಣ್ಣ ಲೆಕ್ಕವನ್ನು ಮರೆಯುತ್ತಾರೆ. ಕಡಲಿನಲ್ಲಿ ರಾತ್ರಿ ದೋಣಿ ನಿಲ್ಲುವುದಿಲ್ಲ, ಯಾರಾದರೊಬ್ಬರು ಎದ್ದಿರಲೇಬೇಕು. ಇಬ್ಬರೇ ಇರುವಲ್ಲಿ ಮೂರು ಮೂರು, ನಾಲ್ಕು ನಾಲ್ಕು ತಾಸಿನ ಸರದಿ ಹಾಕಿಕೊಳ್ಳುತ್ತಾರೆ. ಒಬ್ಬರು ಮಲಗಿದಾಗ ಇನ್ನೊಬ್ಬರಿಗೆ ಕಾವಲು. ಅಂದರೆ ದಂಪತಿ ಒಟ್ಟಿಗೆ ನಿದ್ದೆ ಮಾಡುವುದು ಲಂಗರು ಹಾಕಿದ ಮೇಲೆಯೇ. ದೀರ್ಘ ಯಾನದ ಅರ್ಧ ರಾತ್ರಿಗಳಲ್ಲಿ ಆ ದೋಣಿಯ ಏಕೈಕ ನಾವಿಕ ಹೆಂಡತಿ. ಗಾಳಿ ತಿರುಗಿದರೆ ಹಾಯಿ ಇಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಅವಳು. ಆಗ ಅವಳು ಯಾರ ಜೊತೆಗೂ 'ಸುಮ್ನೆ' ಹೋಗುತ್ತಿಲ್ಲ. ಇದನ್ನು ಸ್ವಲ್ಪವಾದರೂ ಸರಿಪಡಿಸಿದವರು ಲಿನ್ ಮತ್ತು ಲ್ಯಾರಿ ಪಾರ್ಡಿ. ಎಂಜಿನ್ ಇಲ್ಲದ, ಇಪ್ಪತ್ತನಾಲ್ಕು ಅಡಿಯ 'ಸೆರಾಫಿನ್' ದೋಣಿಯನ್ನು ಕೈಯಾರೆ ಕಟ್ಟಿ 1960ರ ದಶಕದ ಕೊನೆಯಲ್ಲಿ ಹೊರಟವರು. ಅವರ ಕತೆಯ ಬಹುಭಾಗವನ್ನು ಬರೆದದ್ದು ಲಿನ್. ಬರೆಯುವ ಕೈ ಬದಲಾದಾಗ ದೋಣಿಯಲ್ಲಿದ್ದ ಎರಡನೆಯ ನಾವಿಕಳೂ ಓದುಗರ ಕಣ್ಣಿಗೆ ಬಿದ್ದಳು.

ನಮ್ಮ ಕರಾವಳಿಯಲ್ಲಿ ಹಾಯಿದೋಣಿಯ ಶೋಕಿ ಇಲ್ಲ. ಇಲ್ಲಿ ಜೋಡಿಯಾಗಿ ದೋಣಿ ಹತ್ತುವವರಲ್ಲಿ ಕ್ಯಾಮೆರಾಕ್ಕೆ ಕಾಣುವವರು ಒಂದೇ ಬಗೆಯವರು: ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರು. ಹೊನ್ನಾವರದ ಶರಾವತಿಯ ಕಾಂಡ್ಲಾ ಗಿಡಗಳ ನಡುವೆ ಅಲಂಕರಿಸಿದ ದೋಣಿಯಲ್ಲಿ ಹುಡುಗ ಹುಟ್ಟು ಹಿಡಿದಿರುತ್ತಾನೆ, ಹುಡುಗಿ ಎದುರಿಗೆ ಸೆರಗು ಹರಡಿ ಕೂತಿರುತ್ತಾಳೆ. ನಿಜವಾಗಿ ದೋಣಿ ನಡೆಸುವ ಅಂಬಿಗ ಚೌಕಟ್ಟಿನ ಹೊರಗೆ. ಆ ಚಿತ್ರದ ಮೇಲೆ ನನಗೆ ಕೋಪವಿಲ್ಲ, ಮದುವೆಯಾಗುವವರು ಸಂತೋಷವಾಗಿರಲಿ. ಆದರೆ ದೋಣಿಯಲ್ಲಿ ಗಂಡಿನ ಜಾಗ ಯಾವುದು, ಹೆಣ್ಣಿನ ಜಾಗ ಯಾವುದು ಎಂಬ ಪಾಠವನ್ನು ಅದು ಎಷ್ಟು ಚೆನ್ನಾಗಿ ಕಲಿಸುತ್ತದೆ ಎಂಬುದನ್ನು ಗಮನಿಸಿ.

ದುಡಿಯುವ ಕಡಲಿನಲ್ಲಿ ಪಾಠ ಇನ್ನೂ ಬಿಗಿ. ಗಂಡಸರು ಕಡಲಿಗೆ, ಹೆಂಗಸರು ದಡಕ್ಕೆ. ಮೀನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಮಾರುವುದು, ಒಣಗಿಸುವುದು, ಅಳಿವೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಚಿಪ್ಪು ಆರಿಸುವುದು ಹೆಂಗಸರ ಪಾಲು. ದೋಣಿ ಹತ್ತುವುದು ಮಾತ್ರ ಅಪಶಕುನ. ಈ ನಂಬಿಕೆಯ ಅತ್ಯಂತ ಸುಂದರ, ಅಷ್ಟೇ ಕ್ರೂರ ರೂಪ ಇರುವುದು ಪಕ್ಕದ ಮಲಯಾಳಂನಲ್ಲಿ, ತಕಳಿ ಶಿವಶಂಕರ ಪಿಳ್ಳೆಯವರ 1956ರ ಕಾದಂಬರಿ 'ಚೆಮ್ಮೀನ್'ನಲ್ಲಿ. ಕಡಲಿಗೆ ಹೋದ ಗಂಡನ ಜೀವ ದಡದಲ್ಲಿರುವ ಹೆಂಡತಿಯ ಪಾತಿವ್ರತ್ಯದ ಮೇಲೆ ನಿಂತಿದೆ ಎಂಬ ನಂಬಿಕೆಯ ಸುತ್ತ ಆ ಕತೆ ಬೆಳೆಯುತ್ತದೆ. ಗಾಳಿ, ಅಲೆ, ಹಳೆಯ ಮರ, ಹರಿದ ಬಲೆ ಯಾವುದೂ ಹೊಣೆಯಲ್ಲ, ಹೊಣೆ ದಡದಲ್ಲಿ ಕಾಯುವವಳದು. ಅವಳಿಗೆ ಹುಟ್ಟು ಕೊಡುವುದಿಲ್ಲ, ಮುಳುಗಿದ್ದಕ್ಕೆ ಉತ್ತರ ಮಾತ್ರ ಕೇಳುತ್ತಾರೆ.

ಅದೇ ಕೇರಳದ ತ್ರಿಶ್ಶೂರು ಜಿಲ್ಲೆಯ ಚೇಟ್ಟುವದಲ್ಲಿ ಕಾರ್ತಿಕೇಯನ್ ಮತ್ತು ರೇಖಾ ಎಂಬ ದಂಪತಿ ಇದ್ದಾರೆ. ಗಂಡನ ಸಣ್ಣ ದೋಣಿಗೆ ಸಹಾಯಕರು ಸಿಗದೆ ಹೋದಾಗ ರೇಖಾ ತಾವೇ ದೋಣಿ ಹತ್ತಿದರು. ಎಂಜಿನ್ ನಡೆಸಿದರು, ಬಲೆ ಎಳೆದರು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಈ ದಂಪತಿಯನ್ನು ಗೌರವಿಸಿತು. ಆಳಸಮುದ್ರ ಮೀನುಗಾರಿಕೆಗೆ ಪರವಾನಗಿ ಪಡೆದ ದೇಶದ ಮೊದಲ ಮಹಿಳೆ ಎಂದು ರೇಖಾ ಅವರ ಹೆಸರು ಪತ್ರಿಕೆಗಳಲ್ಲಿ ಬಂತು. ಈ ಸುದ್ದಿ ಓದಿ ನಾವು 'ಎಂಥ ಧೈರ್ಯ' ಎಂದು ಹೊಗಳಿ ಮುಂದೆ ಹೋದೆವು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಪರವಾನಗಿ. ಧೈರ್ಯ ಅವರಿಗೆ ಮೊದಲೇ ಇತ್ತು, ಇಲ್ಲದಿದ್ದರೆ ಕಡಲಿಗೆ ಇಳಿಯುತ್ತಿರಲಿಲ್ಲ. ಪರವಾನಗಿ ಬಂದ ಮೇಲೆ ಆಕೆ ಕಾರ್ತಿಕೇಯನ್ ಹೆಂಡತಿ ಮಾತ್ರವಲ್ಲ, ಮೀನುಗಾರರು ಕೂಡ. 'ಚೆಮ್ಮೀನ್'ನ ದಡದಲ್ಲಿ ಕಾಯುತ್ತಿದ್ದವಳು ಅರವತ್ತು ವರ್ಷಗಳ ನಂತರ ದೋಣಿಯಲ್ಲಿ ಕೂತು, ತನ್ನ ಹೆಸರಿನ ಕಾಗದ ಕೈಯಲ್ಲಿ ಹಿಡಿದಳು.

ಕನ್ನಡದಲ್ಲಿ ಇದಕ್ಕೆ ಸಮನಾದ ಕತೆ ಇಲ್ಲವೇ? ಇದೆ. ಅದರ ಹಿಂದೆ ಇರುವುದೂ ಕೋಲಾರ ಜಿಲ್ಲೆಯ ಹೆಣ್ಣುಮಗಳು. ನಾ. ಡಿಸೋಜರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ನಿರ್ಮಾಪಕಿ ಮತ್ತು ನಾಯಕಿ ಸೌಂದರ್ಯ, ಮುಳಬಾಗಿಲು ತಾಲ್ಲೂಕಿನವರು. ಸ್ವರ್ಣಕಮಲ ಪಡೆದ ಚಿತ್ರ. ಅಣೆಕಟ್ಟಿನ ಹಿನ್ನೀರು ಏರುತ್ತಿದೆ, ಊರು ಖಾಲಿಯಾಗುತ್ತಿದೆ, ಗುಡ್ಡದ ಮೇಲಿನ ಒಂದು ಮನೆ ಮಾತ್ರ ಉಳಿದು ನಡುಗಡ್ಡೆಯಾಗುತ್ತದೆ. ಕೊನೆಗೆ ಅಲ್ಲಿ ಗಣಪಯ್ಯ ಮತ್ತು ನಾಗಿ ಇಬ್ಬರೇ, ಸುತ್ತ ನೀರು. ಇದೂ ಒಂದು ಸಣ್ಣ ದೋಣಿಯೇ, ಕದಲುವುದಿಲ್ಲ ಅಷ್ಟೆ. ಆ ಮನೆಯನ್ನು ನಾಗಿ ಪಟ್ಟುಹಿಡಿದು, ಮೈಮುರಿದು ಕಾಪಾಡುತ್ತಾಳೆ. ನೀರು ಇಳಿದ ಮೇಲೆ ಗಣಪಯ್ಯ ಏನು ಹೇಳುತ್ತಾನೆ? ದೇವರು ಕಾಪಾಡಿದ ಎನ್ನುತ್ತಾನೆ. ಆ ಮಾತು ಕೇಳಿದ ನಾಗಿಯ ಮುಖವನ್ನು ನೋಡಿ. ಗಣಪಯ್ಯ ಕೆಟ್ಟವನಲ್ಲ, ಹೆಂಡತಿಯನ್ನು ದ್ವೇಷಿಸುವವನೂ ಅಲ್ಲ. ಅವಳು ಮಾಡಿದ್ದು ಕೆಲಸ ಎಂದು ಅವನಿಗೆ ಹೊಳೆಯುವುದೇ ಇಲ್ಲ. ನಮ್ಮೂರಿನ ಅಣ್ಣನೂ ಹಾಗೆಯೇ, ಪೆನ್ನು ಹಿಡಿದಿದ್ದ ನಾನೂ ಹಾಗೆಯೇ.

ಇನ್ನೊಂದು ಉದಾಹರಣೆ ಇತ್ತೀಚಿನದು. 2024ರ ಅಕ್ಟೋಬರ್ 2ರಂದು ನೌಕಾಪಡೆಯ ಇಬ್ಬರು ಅಧಿಕಾರಿಗಳು, ದಿಲ್ನಾ ಮತ್ತು ರೂಪಾ, 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ 2025ರ ಮೇ ಕೊನೆಯಲ್ಲಿ ಮರಳಿದರು. ಇಬ್ಬರೇ ನಡೆಸಿದ ಯಾನ. ಪತ್ರಿಕೆಗಳಲ್ಲಿ ಎರಡೂ ಹೆಸರುಗಳು ಸರಿಸಮನಾಗಿ ಬಂದವು. ಚುಕ್ಕಾಣಿ ಹಿಡಿದವರು ಯಾರು, ಜೊತೆಗೆ ಹೋದವರು ಯಾರು ಎಂದು ಯಾರೂ ಕೇಳಲಿಲ್ಲ. ಸಂತೋಷ. ಆದರೆ ನನಗೊಂದು ಕೊಂಕು ಪ್ರಶ್ನೆ ಏಳುತ್ತದೆ: ಈ ಇಬ್ಬರಲ್ಲಿ ಒಬ್ಬರು ಗಂಡನಾಗಿದ್ದರೆ? ತಲೆಬರಹ ಹೇಗಿರುತ್ತಿತ್ತು ಎಂದು ನೀವೇ ಬರೆದು ನೋಡಿ.

ಈಗ ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನೋಡೋಣ.

ಮೊದಲನೆಯದು: ಗಂಡ ಹೆಂಡತಿಯ ನಡುವೆ ಲೆಕ್ಕ ಯಾಕೆ? ಪ್ರೀತಿ ಇರುವಲ್ಲಿ ನಿನ್ನ ಕೆಲಸ ನನ್ನ ಕೆಲಸ ಎಂದು ಗೆರೆ ಎಳೆದರೆ ದಾಂಪತ್ಯ ಕೂಲಿಯಾಗುವುದಿಲ್ಲವೇ? ಕೇಳಲು ಹಿತವಾದ ಮಾತು. ಆದರೆ ಲೆಕ್ಕ ಈಗಾಗಲೇ ನಡೆದಿದೆ. ಪರವಾನಗಿಯಲ್ಲಿ, ಸಂಘದ ಸದಸ್ಯತ್ವದಲ್ಲಿ, ವಿಮೆಯಲ್ಲಿ ಒಂದು ಹೆಸರು ಬರೆದಾಗಿದೆ. ಬರೆದದ್ದು ಪ್ರೀತಿಯಲ್ಲ. ಎರಡನೆಯ ಹೆಸರು ಕೇಳಿದಾಗ ಮಾತ್ರ ಪ್ರೀತಿ ನೆನಪಾಗುವುದಾದರೆ ಆ ಪ್ರೀತಿಯನ್ನು ಸ್ವಲ್ಪ ಅನುಮಾನದಿಂದ ನೋಡಬೇಕಾಗುತ್ತದೆ. ಅಲ್ಲದೆ ದಾಂಪತ್ಯದಲ್ಲಿ ಲೆಕ್ಕ ಕೇಳುವುದು ನಮ್ಮ ಪರಂಪರೆಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ವಾಪಸು ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಅವಳು ಅವನ ಜೊತೆಗೆ ಸುಮ್ಮನೆ ಕಾಯಕ ಮಾಡಲಿಲ್ಲ, ಕಾಯಕದ ಅಳತೆಯನ್ನೇ ಹೇಳಿಕೊಟ್ಟಳು. ಅದೇ ಕಾಲದ ದೋಣಿಯವನು ಅಂಬಿಗರ ಚೌಡಯ್ಯ ತನ್ನ ವಚನಗಳಿಗೆ ದೇವರ ಅಂಕಿತ ಹಾಕದೆ ತನ್ನ ಕಸುಬು ಸೇರಿದ ಹೆಸರನ್ನೇ ಹಾಕಿಕೊಂಡ. ದುಡಿದವರ ಹೆಸರು ಉಳಿಯಬೇಕು ಎಂಬುದಕ್ಕೆ ನಾನು ಹೊರಗಿನ ಸಿದ್ಧಾಂತ ತರಬೇಕಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು, ನನ್ನ ಸಹಪಾಠಿಯೊಬ್ಬರು ಎತ್ತಿದ್ದು: ಆ ಅಕ್ಕನೇ 'ಸುಮ್ನೆ' ಎಂದ ಮೇಲೆ ಅದನ್ನು ತಿದ್ದಲು ನೀನು ಯಾರು? ಅವರ ಪರವಾಗಿ ಮಾತಾಡುವ ಅಧಿಕಾರ ಸಂಶೋಧಕನಿಗೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ನಾನು ಸುಮಾರು ದಿನ ಉತ್ತರ ಹುಡುಕಿದೆ. ಉತ್ತರ ಅಕ್ಕನಿಂದಲೇ ಬಂತು. ಮತ್ತೊಂದು ಬೆಳಿಗ್ಗೆ ಅಣ್ಣ ಮೀನು ತೂಕ ಹಾಕಿಸಲು ಏರಿಯ ಮೇಲೆ ಹೋಗಿದ್ದಾಗ, ನೀವು ಒಂದು ದಿನ ಹೋಗದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಅವರು ನಕ್ಕರು. "ಏನಾಗ್ತದೆ, ನಾನು ಹುಟ್ಟು ಬಿಟ್ರೆ ನಮ್ಮನೆಯವ್ರು ಬಲೆ ಸಮೇತ ನೀರಿಗ್ ಬೀಳ್ತಾರೆ" ಅಂದರು. ಗಂಡನ ಎದುರು ಹೇಳಿದ ಮಾತು ಒಂದು, ಇಲ್ಲದಾಗ ಹೇಳಿದ ಮಾತು ಇನ್ನೊಂದು. ತನ್ನ ಕೆಲಸ ಏನು ಎಂದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. 'ಸುಮ್ನೆ' ಎಂಬುದು ಅವರ ಅಜ್ಞಾನವಲ್ಲ, ಮನೆಯ ಮರ್ಯಾದೆ ಉಳಿಸುವ ಜಾಣತನ. ಅದನ್ನು ಅವರ ಅಭಿಪ್ರಾಯ ಎಂದು ಅರ್ಜಿಯಲ್ಲಿ ಬರೆದುಕೊಂಡದ್ದು ನನ್ನ ತಪ್ಪು.

ಮೂರನೆಯದು: ಒಂದು ಪದ ಬದಲಾದರೆ ಏನು ಬದಲಾಗುತ್ತದೆ? ಬಹಳ ಬದಲಾಗುತ್ತದೆ. ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮೀನುಗಾರರು ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ತೆಪ್ಪ ಮಗುಚಿ ಗಂಡ ಸತ್ತರೆ ಹೆಂಡತಿಗೆ ಅದು ಸಿಗಬಹುದು. ಹೆಂಡತಿ ಸತ್ತರೆ? ಗೃಹಿಣಿ ಕೆರೆಗೆ ಬಿದ್ದು ಸತ್ತಳು ಎಂದಾಗುತ್ತದೆ. ಒಂದೇ ತೆಪ್ಪ, ಒಂದೇ ಗಾಳಿ, ಒಂದೇ ನೀರು. ಒಂದು ಸಾವು ಕೆಲಸದ ಸಾವು, ಇನ್ನೊಂದು ಬರೀ ಸಾವು. ಇಬ್ಬರೂ ಹೋದರೆ ಮರುದಿನ ಪತ್ರಿಕೆಯಲ್ಲಿ 'ಮೀನುಗಾರ ಮತ್ತು ಪತ್ನಿ' ಎಂದು ಬರುತ್ತದೆ. ಸರ್ಕಾರದ ಉದ್ಯೋಗ ಸಮೀಕ್ಷೆಗಳಲ್ಲಿ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ 'ಸಹಾಯಕರು' ಎಂಬ ವಿಭಾಗವಿದೆ. ಆದರೆ ತೆಪ್ಪದಲ್ಲಿ ಯಾರು ಯಾರ ಸಹಾಯಕರು? ಅಕ್ಕ ಹುಟ್ಟು ಬಿಟ್ಟರೆ ಬಲೆ ಎತ್ತಲಾಗುವುದಿಲ್ಲ. ಅಣ್ಣ ಬಲೆ ಎತ್ತದೆ ಹೋದರೆ ಮೀನಿಲ್ಲ, ತೆಪ್ಪವೇನೋ ದಡ ಸೇರುತ್ತದೆ.

ಸಾಹಿತ್ಯದವರು ಇದನ್ನು ಅಧಿಕಾರಿಗಳ ತಪ್ಪು ಎಂದು ದೂಡಿ ನಿರಾಳವಾಗುವಂತಿಲ್ಲ. ಅರ್ಜಿ ನಮೂನೆಗಿಂತ ಮೊದಲು ಈ ಭಾಷೆ ನಮ್ಮಲ್ಲಿತ್ತು. ಪಿಎಚ್.ಡಿ. ಪ್ರಬಂಧಗಳ ಕೃತಜ್ಞತೆಯ ಪುಟಗಳನ್ನು ನಾನು ಗ್ರಂಥಾಲಯದಲ್ಲಿ ತೆರೆದು ಓದುತ್ತಿರುತ್ತೇನೆ. ಸದಾ ಜೊತೆಗಿದ್ದು ಸಹಕರಿಸಿದ, ಕರಡು ತಿದ್ದಿದ, ಟೈಪ್ ಮಾಡಿಕೊಟ್ಟ ಪತ್ನಿಗೆ ವಂದನೆಗಳು. ಟೈಪ್ ಮಾಡಿದವರು, ಕರಡು ತಿದ್ದಿದವರು, ಕ್ಷೇತ್ರಕಾರ್ಯಕ್ಕೆ ಜೊತೆ ಬಂದು ಹೆಂಗಸರ ಹತ್ತಿರ ಮಾತಾಡಿ ಮಾಹಿತಿ ತಂದವರು, ಎಷ್ಟೋ ಕಡೆ ಹೆಸರೂ ಇಲ್ಲದೆ 'ಪತ್ನಿ' ಎಂಬ ಒಂದು ಪದದಲ್ಲಿ ಮುಗಿಯುತ್ತಾರೆ. ಅವರೂ ಸುಮ್ನೆ ಜೊತೆಗೆ ಹೋದವರೇ.

ಆದ್ದರಿಂದ ನಾನು ಕೇಳುವುದು ಎರಡೇ. ಪ್ರವಾಸ ಬರೆಯುವವರು, ಸಿನಿಮಾ ಬರೆಯುವವರು, ವರದಿ ಬರೆಯುವವರು ಜೋಡಿ ದೋಣಿಯನ್ನು ಕಂಡಾಗ 'ಎಷ್ಟು ಚೆಂದದ ಜೋಡಿ' ಎನ್ನುವ ಮೊದಲು ಯಾರ ಕೈಯಲ್ಲಿ ಏನಿದೆ ಎಂದು ನೋಡಲಿ. ಹುಟ್ಟು, ಬಲೆ, ಹಗ್ಗ, ಎಂಜಿನ್, ರಾತ್ರಿಯ ಕಾವಲು: ಪ್ರತಿಯೊಂದಕ್ಕೂ ಒಂದು ಕೈ ಇರುತ್ತದೆ. ಎರಡನೆಯದು, ನಮ್ಮಂಥ ಓದಿದವರು ಊರಿನಲ್ಲಿ ಅರ್ಜಿ ತುಂಬುವಾಗ, ಹೇಳಿದ್ದನ್ನು ಬರೆಯುವ ಮೊದಲು ಕಂಡದ್ದನ್ನೂ ನೆನಪಿಸಿಕೊಳ್ಳಲಿ.

ಕಳೆದ ತಿಂಗಳು ಅಕ್ಕನ ಹೆಸರಿನಲ್ಲಿ ಹೊಸ ಅರ್ಜಿ ತುಂಬಿದೆ. ಉದ್ಯೋಗದ ಕಡೆ 'ಮೀನುಗಾರಿಕೆ' ಎಂದು ಬರೆದು ಅಣ್ಣನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಕೆರೆಯ ಕಡೆ ನೋಡುತ್ತಾ ನಿಂತಿದ್ದರು. "ಸರಿ ಬರಿ, ಹುಟ್ಟು ಹಾಕೋಳು ಅವಳೇ ಅಲ್ವಾ" ಅಂದರು. ಅಷ್ಟು ಸುಲಭವಾಗಿ ಒಪ್ಪುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಆದರೆ ಅರ್ಜಿ ವಾಪಸು ಬಂತು. ಮೀನುಗಾರರು ಎಂಬುದಕ್ಕೆ ದಾಖಲೆ ಬೇಕಂತೆ. ದಾಖಲೆ ಎಂದರೆ ಸಂಘದ ಸದಸ್ಯತ್ವ, ಸದಸ್ಯತ್ವ ಇರುವುದು ಗಂಡನ ಹೆಸರಿನಲ್ಲಿ. ಅದಕ್ಕೆ ಬೇರೆ ಅರ್ಜಿ ಹಾಕಿದ್ದೇವೆ.

ನಾಳೆ ಬೆಳಿಗ್ಗೆ ಆರಕ್ಕೆ ತೆಪ್ಪ ನೀರಿಗಿಳಿಯುತ್ತದೆ. ಅದರಲ್ಲಿ ಇಬ್ಬರಿರುತ್ತಾರೆ. ವಿಮೆ ಒಬ್ಬರಿಗಿದೆ.